ಕಪ್ಪು ಸರಿಯಾಗಿದ್ದರೆ ಕ್ರೋಮ್ ತಾನಾಗಿ ಬರುತ್ತದೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಕೇಲ್ ಮಾಡೆಲ್, ಅಂದರೆ ಕಾರು, ಬೈಕ್, ವಿಮಾನಗಳ ಚಿಕ್ಕ ಪ್ರತಿರೂಪ, ಕಟ್ಟುವವರು ನಮ್ಮ ಕಡೆ ಇಷ್ಟು ಜನ ಇದ್ದಾರೆ ಅಂತ ಈ ಸಲದ ಪತ್ರಗಳನ್ನು ನೋಡಿದ ಮೇಲೇ ಗೊತ್ತಾಯಿತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಜಿಲ್ಲೆಯಿಂದ ಬಂದಿವೆ, ಮತ್ತು ಹೆಚ್ಚಿನವರು ಕೇಳಿರುವುದು ಕ್ರೋಮ್ ಬಗ್ಗೆಯೇ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಒಂದನ್ನು ಮಾತ್ರ ತೆಗೆದುಕೊಂಡಿದ್ದೇವೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, 1/24 ಅಳತೆಯ ಹಳೇ ಅಮೆರಿಕನ್ ಕಾರಿನ ಕಿಟ್ ಕಟ್ಟುತ್ತಿದ್ದೇನೆ. ಬಂಪರ್, ಗ್ರಿಲ್, ಹಬ್‌ಕ್ಯಾಪ್ ಎಲ್ಲಾ ಕ್ರೋಮ್. ಕಿಟ್ ಜೊತೆ ಬಂದ ಹೊಳಪಿನ ಮೇಲೆ ಅಚ್ಚಿನ ಗೆರೆ ಎದ್ದು ಕಾಣುತ್ತಿತ್ತು ಅಂತ ಪೂರ್ತಿ ಉಜ್ಜಿ ತೆಗೆದೆ. ಆಮೇಲೆ ಬಿ.ಎಚ್. ರಸ್ತೆಯ ಪೇಂಟ್ ಅಂಗಡಿಯಿಂದ ‘ಕ್ರೋಮ್’ ಅಂತ ಬರೆದಿದ್ದ ಸ್ಪ್ರೇ ಡಬ್ಬಿ ತಂದು ಹೊಡೆದೆ. ಡಬ್ಬಿಯ ಮುಚ್ಚಳ ಕನ್ನಡಿ ಥರ ಇದೆ. ನನ್ನ ಬಂಪರ್ ಮಾತ್ರ ಮನೆ ಗೇಟಿಗೆ ಬಳಿದ ಸಿಲ್ವರ್ ಪೇಂಟ್ ಥರ ಬೂದು ಬೂದು. ಇನ್ನೂ ಎರಡು ಕೋಟ್ ಹೊಡೆದರೆ ಸರಿಹೋಗುತ್ತಾ?
– ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಇಲ್ಲ, ಹೊಡೆದಷ್ಟೂ ಕೆಡುತ್ತದೆ. ಡಬ್ಬಿಯನ್ನು ಪಕ್ಕಕ್ಕಿಡಿ.

ಮೊದಲು ಆ ಮುಚ್ಚಳದ ವಿಷಯ. ಅಂಥ ಮುಚ್ಚಳಕ್ಕೆ ಸಾಮಾನ್ಯವಾಗಿ ಆ ಡಬ್ಬಿಯ ಬಣ್ಣ ಹೊಡೆದಿರುವುದೇ ಇಲ್ಲ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ಅನ್ನು ಕಾಯಿಸಿ ಆವಿ ಮಾಡಿ ಪ್ಲಾಸ್ಟಿಕ್ ಮೇಲೆ ಕೂರಿಸಿರುತ್ತಾರೆ. ಇದಕ್ಕೆ ವ್ಯಾಕ್ಯೂಮ್ ಮೆಟಲೈಸಿಂಗ್ ಅನ್ನುತ್ತಾರೆ. ನಿಮ್ಮ ಕಿಟ್‌ನ ಬಂಪರ್ ಮೇಲೆ ಇದ್ದದ್ದೂ ಅದೇ. ಅಂದರೆ ಕಾರ್ಖಾನೆಯ ಕೆಲಸವನ್ನು ತೋರಿಸಿ ಡಬ್ಬಿಯ ಬಣ್ಣವನ್ನು ಮಾರುತ್ತಿದ್ದಾರೆ, ಅಷ್ಟೇ.

ಇನ್ನು ಬಂಪರ್ ಯಾಕೆ ಬೂದು ಬಣ್ಣಕ್ಕೆ ಬಂತು ಅಂತ ನೋಡೋಣ. ಕ್ರೋಮ್‌ಗೆ ಅದರದ್ದೇ ಆದ ಬಣ್ಣ ಅಂತ ಹೆಚ್ಚೇನೂ ಇಲ್ಲ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಹಳೇ ಅಂಬಾಸಿಡರ್ ಇನ್ನೂ ಎಲ್ಲಾದರೂ ನಿಂತಿದ್ದರೆ ಅದರ ಬಂಪರ್ ಹತ್ತಿರ ಹೋಗಿ ಕೂತು ನೋಡಿ. 2014ರಲ್ಲಿ ತಯಾರಿಕೆ ನಿಂತಿದ್ದರೂ ನಮ್ಮೂರಲ್ಲಿ ಹುಡುಕಿದರೆ ಸಿಗುತ್ತದೆ. ಮೇಲಿನ ಅರ್ಧದಲ್ಲಿ ಆಕಾಶ, ನಡುವೆ ಕಟ್ಟಡ ಮರಗಳ ಕಪ್ಪು ಪಟ್ಟಿ, ಕೆಳಗೆ ರಸ್ತೆಯ ಬಣ್ಣ. ಬೆಳ್ಳಿ ಬಣ್ಣ ಅನ್ನುವುದು ಅಲ್ಲಿ ಎಲ್ಲೂ ಇರುವುದಿಲ್ಲ. ಬೆಳಕಿನ ಪಕ್ಕದಲ್ಲೇ ಆ ಕಪ್ಪು ಇರುವುದರಿಂದಲೇ ಕಣ್ಣಿಗೆ ಅದು ಕ್ರೋಮ್ ಅನ್ನಿಸುತ್ತದೆ. ಸಾಮಾನ್ಯ ಸಿಲ್ವರ್ ಪೇಂಟ್‌ನಲ್ಲಿ ಅಲ್ಯೂಮಿನಿಯಂ ಚೂರುಗಳು ದಪ್ಪ, ಒಂದೊಂದು ಒಂದೊಂದು ಕಡೆ ಮುಖ ಮಾಡಿ ಕೂತಿರುತ್ತವೆ, ಬೆಳಕು ಚೆದುರಿಹೋಗಿ ಬೂದು ಆಗುತ್ತದೆ. ಒಳ್ಳೆಯ ಕ್ರೋಮ್ ಬಣ್ಣದಲ್ಲಿ ಚೂರುಗಳು ತೀರಾ ಸಣ್ಣ, ತೀರಾ ತೆಳು, ಅವನ್ನು ಹಿಡಿದಿಡುವ ಅಂಟು ಕೂಡ ಬಹಳ ಕಡಿಮೆ. ಹಾಗಾಗಿ ಅವು ಮೇಲ್ಮೈಗೆ ಚಪ್ಪಟೆಯಾಗಿ ಮಲಗುತ್ತವೆ. ಕೆಳಗಿನ ಮೈ ನಯವಾಗಿದ್ದರೆ ಕನ್ನಡಿ, ಒರಟಾಗಿದ್ದರೆ ಒರಟು ಸಿಲ್ವರ್.

ಅದಕ್ಕೇ ಹೇಳುವುದು, ಕೆಲಸದ ಮುಕ್ಕಾಲು ಪಾಲು ಕ್ರೋಮ್ ಬಾಟಲಿ ತೆಗೆಯುವ ಮೊದಲೇ ಮುಗಿದಿರಬೇಕು.

ಈಗ ಬಂಪರ್ ಮೇಲಿರುವ ಬಣ್ಣ ತೆಗೆಯಿರಿ. ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಸಿಗುತ್ತದಲ್ಲ, ಅದರಲ್ಲಿ 600ರಿಂದ ಶುರು ಮಾಡಿ, ಆಮೇಲೆ 1000, 1500, 2000. ಅಚ್ಚಿನ ಗೆರೆ ಉಗುರಿಗೆ ಸಿಗದಷ್ಟು ಹೋಗಬೇಕು. ಕಣ್ಣಿಗೆ ಕಾಣದ ಗೀರು ಕ್ರೋಮ್ ಕೆಳಗೆ ದೊಡ್ಡದಾಗಿ ಕಾಣುತ್ತದೆ, ಇದನ್ನು ಮಾತ್ರ ನಂಬಿ. ಕೈಯ ಜಿಡ್ಡು ಹೋಗಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ತೆಳುವಾಗಿ ಪ್ರೈಮರ್. ಮತ್ತೆ 2000ದಲ್ಲಿ ಒಂದು ಸಲ ಹಗುರವಾಗಿ ಸವರಿ.

ಆಮೇಲೆ ಗ್ಲಾಸ್ ಬ್ಲ್ಯಾಕ್, ಅಂದರೆ ಹೊಳೆಯುವ ಕಪ್ಪು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದು. ಕ್ರೋಮ್ ಪದರ ಎಷ್ಟು ತೆಳು ಅಂದರೆ ಬೆಳಕಿನಲ್ಲಿ ಒಂದಿಷ್ಟು ಅದನ್ನು ದಾಟಿ ಕೆಳಗೆ ಹೋಗುತ್ತದೆ. ಕೆಳಗೆ ಕಪ್ಪು ಇದ್ದರೆ ಅದನ್ನು ನುಂಗಿಬಿಡುತ್ತದೆ, ಹೊಳಪಿಗೆ ಆಳ ಬರುತ್ತದೆ. ಬಿಳಿ ಅಥವಾ ಬೂದು ಇದ್ದರೆ ಹಾಲು ಬೆರೆತ ಹಾಗೆ ಮಂಕಾಗುತ್ತದೆ. ಎನಾಮೆಲ್ ಕಪ್ಪು ನಯವಾಗಿ ಹರಡಿಕೊಳ್ಳುತ್ತದೆ, ಆದರೆ ಒಣಗಲು ನಿಧಾನ. ಕಾರ್ ಪೇಂಟ್ ಮಿಕ್ಸ್ ಮಾಡುವ ಅಂಗಡಿಯಲ್ಲಿ ಹಾರ್ಡನರ್ ಹಾಕುವ ಟು-ಕೆ ಕಪ್ಪು ಸಿಗುತ್ತದೆ, ಅದು ಇನ್ನೂ ಗಟ್ಟಿ, ಇನ್ನೂ ನಯ. ಒಂದು ಎಚ್ಚರಿಕೆ ಇದೆ. ಆ ಹಾರ್ಡನರ್‌ನಲ್ಲಿರುವ ಐಸೋಸೈನೇಟ್ ಶ್ವಾಸಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದಕ್ಕೆ ಏನೂ ಮಾಡುವುದಿಲ್ಲ. ಬಣ್ಣ ಹೊಡೆಯುವವರು ಹಾಕುವ ಸರಿಯಾದ ರೆಸ್ಪಿರೇಟರ್ ಇಲ್ಲದೆ, ಮುಚ್ಚಿದ ಕೋಣೆಯಲ್ಲಿ, ಮಕ್ಕಳಿರುವ ಮನೆಯಲ್ಲಿ ಅದರ ಸಹವಾಸ ಬೇಡ. ಎನಾಮೆಲ್ ಸಾಕು.

ಕಪ್ಪು ಹೊಡೆದು ಒಣಗಲು ಬಿಟ್ಟ ಮೇಲೆ ಅದರ ಮೇಲೊಂದು ಡಬ್ಬಿ ಕವುಚಿ ಹಾಕಿ. ನಮ್ಮ ಕಡೆಯ ಧೂಳು ನಿಮಗೆ ಹೇಳಬೇಕಾ? ಫೆಬ್ರವರಿಯಿಂದ ಮೇ ತನಕ ಕಿಟಕಿ ತೆಗೆದಿಟ್ಟರೆ ಮುಗಿಯಿತು. ಗ್ಯಾರೇಜಿನ ಪೇಂಟರ್‌ಗಳು ಕೆಲಸಕ್ಕೆ ಮುಂಚೆ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಧೂಳು ಏಳದಿರಲಿ ಅಂತ. ಅದನ್ನು ನೀವೂ ಮಾಡಬಹುದು, ಬೇಸಿಗೆಯಲ್ಲಿ ಮಾತ್ರ. ಎರಡು ಮೂರು ದಿನ ಬಿಡಿ. ಒಣಗಿದೆಯಾ ಇಲ್ಲವಾ ಅಂತ ಬೆರಳಿಟ್ಟು ನೋಡಬೇಡಿ, ಮೂಗಿನ ಹತ್ತಿರ ಹಿಡಿದು ನೋಡಿ. ಬಣ್ಣದ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ವಾಸನೆ ಹೋದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಕಪ್ಪಿನಲ್ಲಿ ಟ್ಯೂಬಿನ ಅಂಚು ನೇರ ಗೆರೆಯಾಗಿ ಕಂಡರೆ ಮುಂದುವರಿಯಿರಿ. ಗೆರೆ ನಡುಗಿದಂತೆ ಕಂಡರೆ 2000ದಲ್ಲಿ ಸವರಿ ಇನ್ನೊಂದು ಕೋಟ್ ಕಪ್ಪು. ಇಲ್ಲಿ ಸರಿಯಾಗದ್ದು ಮುಂದೆ ಸರಿಯಾಗುವುದಿಲ್ಲ.

ಏರ್‌ಬ್ರಶ್ (ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಇದ್ದರೆ ಆಲ್‌ಕ್ಲಾಡ್ ಕಂಪನಿಯ ಕ್ರೋಮ್ ಥರದ ಲ್ಯಾಕರ್, ಅಂದರೆ ಬೇಗ ಆರುವ ಬಣ್ಣ, ತರಿಸಿಕೊಳ್ಳಿ. ಬಾಟಲಿಯಿಂದ ನೇರವಾಗಿ ಹೊಡೆಯುವುದು, ಥಿನ್ನರ್ ಬೇಡ. ಒತ್ತಡ 12ರಿಂದ 15 ಪಿಎಸ್‌ಐ, ದೂರ ಎರಡು ಮೂರು ಇಂಚು. ಮಂಜು ಹನಿಸಿದಷ್ಟು ತೆಳುವಾಗಿ, ನಿಂತಲ್ಲೇ ನಿಲ್ಲಿಸದೆ ಕೈ ಆಡಿಸುತ್ತಾ ಹೋಗಿ. ಮೊದಲ ಸುತ್ತಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಎರಡು ಮೂರು ಸುತ್ತಿನ ನಂತರ ಕಪ್ಪು ನಿಧಾನವಾಗಿ ಕನ್ನಡಿಯಾಗುತ್ತಾ ಬರುತ್ತದೆ. ಇನ್ನೊಂದು ಚೂರು ಹೊಡೆದರೆ ಪೂರ್ತಿ ಮುಚ್ಚುತ್ತೆ ಅಂತ ಅನ್ನಿಸಿದಾಗಲೇ ನಿಲ್ಲಿಸಿ. ಆ ಇನ್ನೊಂದು ಚೂರಿನಲ್ಲೇ ಎಲ್ಲರ ಕ್ರೋಮೂ ಸಿಲ್ವರ್ ಆಗುವುದು, ಯಾಕೆಂದರೆ ಚೂರುಗಳು ಒಂದರ ಮೇಲೊಂದು ಗುಡ್ಡೆ ಬೀಳುತ್ತವೆ. ಮೊದಲು ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಕ್ಕೆ ಕಪ್ಪು ಬಳಿದು ಅದರ ಮೇಲೆ ಕೈ ಪಳಗಿಸಿಕೊಳ್ಳಿ, ಬಂಪರ್ ಎಲ್ಲೂ ಓಡಿ ಹೋಗುವುದಿಲ್ಲ.

ಮಳೆಗಾಲದಲ್ಲಿ ಮಧ್ಯಾಹ್ನ ಬಿಸಿಲು ಬಂದ ಹೊತ್ತಿನಲ್ಲೇ ಈ ಕೆಲಸ ಮಾಡಿ. ಲ್ಯಾಕರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಿಳಿ ಪೊರೆ ಕಟ್ಟುತ್ತದೆ. ಕಂಪ್ರೆಸರ್‌ಗೆ ನೀರು ಹಿಡಿಯುವ ಬಟ್ಟಲು ಇಲ್ಲದಿದ್ದರೆ ಹಾಕಿಸಿ.

ಕೊನೆಗೆ ಒಂದು ಮಾತು. ನಿಮ್ಮ ಕಿಟ್‌ನ ಮೂಲ ಹೊಳಪು ಹೋಯಿತು ಅಂತ ಅಷ್ಟು ಹಳಹಳಿಸಬೇಕಾಗಿಲ್ಲ. ಅದು ಅಲ್ಯೂಮಿನಿಯಂ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 90 ಪಾಲನ್ನು ವಾಪಸ್ ಕಳಿಸುತ್ತದೆ. ನಿಜವಾದ ಕ್ರೋಮಿಯಂ ಕಳಿಸುವುದು 60–70 ಮಾತ್ರ. ಅದಕ್ಕೇ ಅಸಲಿ ಬಂಪರ್ ಸ್ವಲ್ಪ ಕಪ್ಪಾಗಿ, ಸ್ವಲ್ಪ ನೀಲಿಯಾಗಿ ಕಾಣುತ್ತದೆ, ಕಿಟ್ ಬಂಪರ್ ಆಟದ ಸಾಮಾನಿನಂತೆ ಕಾಣುತ್ತದೆ. ಕಪ್ಪಿನ ಮೇಲೆ ಕೈಯಾರೆ ಹೊಡೆದ ಕ್ರೋಮ್ ಅಸಲಿಗೆ ಇನ್ನೂ ಹತ್ತಿರ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಏರ್‌ಬ್ರಶ್, ಕಂಪ್ರೆಸರ್ ಎಲ್ಲಾ ನನ್ನ ಕೈಗೆ ಎಟುಕುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕೂತು ಮಾಡುವಂಥ ದಾರಿ ಏನಾದರೂ ಇದೆಯಾ ಸರ್?
– ಓದುಗರು, ಕೋಲಾರ

ಉತ್ತರ: ಇದೆ, ಒಂದಲ್ಲ ಮೂರು. ಯಾವುದೂ ಪುಕ್ಕಟೆ ಅಲ್ಲ, ಆದರೆ ಕಂಪ್ರೆಸರ್ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಮೊದಲನೆಯದು ಕ್ರೋಮ್ ಪೆನ್. ಮೊಲೊಟೊ ಕಂಪನಿಯ ಲಿಕ್ವಿಡ್ ಕ್ರೋಮ್ ಮಾರ್ಕರ್ ಆನ್‌ಲೈನಲ್ಲಿ ಸಿಗುತ್ತದೆ. 1, 2, 4 ಮಿಲಿಮೀಟರ್ ತುದಿಯವು. ಕೈಯಿಂದ ಹಚ್ಚುವುದರಲ್ಲಿ ಇದಕ್ಕೆ ಸಮನಾದದ್ದು ನಾನು ನೋಡಿಲ್ಲ. ನೇರವಾಗಿ ತುದಿಯಿಂದ ಉಜ್ಜಬೇಡಿ, ಗೆರೆ ಬೀಳುತ್ತದೆ. ಹಳೇ ಪ್ಲಾಸ್ಟಿಕ್ ಮುಚ್ಚಳದೊಳಕ್ಕೆ ಪೆನ್ ಒತ್ತಿ ಒಂದೆರಡು ಹನಿ ಇಳಿಸಿಕೊಂಡು ಮೆತ್ತನೆ ಬ್ರಶ್‌ನಲ್ಲಿ ತುಂಬು ಹನಿಯಾಗಿ ಇಡಿ, ಅದು ತಾನೇ ಹರಡಿಕೊಂಡು ಸಮ ಆಗುತ್ತದೆ. ಒದ್ದೆಯಿರುವಾಗ ಮತ್ತೆ ತೀಡಲು ಹೋಗಬೇಡಿ. ಅಷ್ಟೇ ಮುಖ್ಯವಾದದ್ದು, ಮುಟ್ಟಬೇಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿ ಇರುತ್ತದೆ, ಬೆರಳಿನ ಗುರುತು ಒಮ್ಮೆ ಕೂತರೆ ಹೋಗುವುದಿಲ್ಲ. ಬ್ರಶ್ ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಹೆಡ್‌ಲೈಟ್ ಬಟ್ಟಲು, ಸಣ್ಣ ಹಿಡಿಕೆ, ಗ್ರಿಲ್ಲಿನ ಅಡ್ಡಪಟ್ಟಿ ಇಂಥವಕ್ಕೆ ಹೇಳಿ ಮಾಡಿಸಿದ್ದು. ದೊಡ್ಡ ಬಂಪರ್‌ಗೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಎರಡನೆಯದು ಫಾಯಿಲ್. ಬೇರ್-ಮೆಟಲ್ ಫಾಯಿಲ್ ಅಂತ ಹಿಂಬದಿಗೆ ಅಂಟು ಇರುವ ತೀರಾ ತೆಳು ಹಾಳೆ ಬರುತ್ತದೆ. ಕಾರಿನ ಕಿಟಕಿ ಸುತ್ತಲಿನ ಬೀಡಿಂಗ್‌ಗೆ ಇದನ್ನು ಮೀರಿಸಿದ್ದು ಇಲ್ಲ, ಯಾಕೆಂದರೆ ನಿಜವಾದ ಲೋಹವೇ ಅಲ್ಲಿ ಕೂತಿರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಅಗಲವಾಗಿ ಕತ್ತರಿಸಿ, ಚಿಮಟದಲ್ಲಿ ಎತ್ತಿ ಇಟ್ಟು, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ನಡುವಿನಿಂದ ಅಂಚಿಗೆ ಉಜ್ಜುತ್ತಾ ಹೋಗಿ. ಬೀಡಿಂಗ್‌ನ ಅಂಚು ಫಾಯಿಲ್ ಮೇಲೆ ಮೂಡಿದ ಮೇಲೆ ಹೊಸಾ ಬ್ಲೇಡಿನಿಂದ ಒತ್ತದೆ ಎಳೆಯಿರಿ, ಮಿಕ್ಕಿದ್ದನ್ನು ಸುಲಿಯಿರಿ. ಹೊಸಾ ಬ್ಲೇಡ್ ಅಂದರೆ ನಿಜವಾಗಿಯೂ ಹೊಸದು, ಮೊಂಡಾದದ್ದು ಫಾಯಿಲ್ ಹರಿಯುತ್ತದೆ. ತರಿಸುವುದು ಕಷ್ಟವಾದರೆ ಚಪಾತಿ ಸುತ್ತುವ ಫಾಯಿಲ್ಲೂ ನಡೆಯುತ್ತದೆ. ಹಿಂದೆ ವಾರ್ನಿಶ್ ತೆಳುವಾಗಿ ಹಚ್ಚಿ, ಅಂಟಂಟಾದಾಗ ಕೂರಿಸಿ. ದಪ್ಪ ಜಾಸ್ತಿ ಇರುವುದರಿಂದ ಮೂಲೆಗಳಲ್ಲಿ ಸುಕ್ಕು ಬೀಳುತ್ತದೆ, ಚಪ್ಪಟೆ ಜಾಗಕ್ಕೆ ಮಾತ್ರ ಇಟ್ಟುಕೊಳ್ಳಿ.

ಮೂರನೆಯದನ್ನು ನಿಮ್ಮ ಊರಿನ ಫ್ಯಾನ್ಸಿ ಸ್ಟೋರ್‌ನಲ್ಲೇ ಕೇಳಿ ನೋಡಿ. ಉಗುರಿಗೆ ಹಚ್ಚುವ ಮಿರರ್ ಕ್ರೋಮ್ ಪೌಡರ್. ಹುಡುಗಿಯರು ನೇಲ್ ಆರ್ಟ್‌ಗೆ ಬಳಸುತ್ತಾರಲ್ಲ, ಅದೇ. ಚೆನ್ನಾಗಿ ಒಣಗಿದ ಹೊಳೆಯುವ ಕಪ್ಪಿನ ಮೇಲೆ ಸ್ಪಂಜಿನ ಕಡ್ಡಿಯಿಂದ ಒಂದು ಚಿಟಿಕೆ ತೆಗೆದುಕೊಂಡು ಉಜ್ಜಿ. ಕಪ್ಪು ಒರಟಾಗಿದ್ದರೆ ಇಲ್ಲೂ ಏನೂ ಬರುವುದಿಲ್ಲ, ಮೇಲಿನ ಉತ್ತರ ಓದಿಕೊಳ್ಳಿ. ಮಿಕ್ಕ ಪುಡಿಯನ್ನು ಮೆತ್ತನೆ ಬ್ರಶ್‌ನಿಂದ ತೆಗೆಯಿರಿ. ಫ್ಯಾನ್ ಆಫ್ ಮಾಡಿ ಕೂತುಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ. ಇಲ್ಲದಿದ್ದರೆ ರೂಮ್‌ಮೇಟ್ ಕೂಡ ಕ್ರೋಮ್ ಆಗುತ್ತಾನೆ.

ಪ್ರಶ್ನೆ: ಕಿಟ್‌ನ ಹಳೇ ಕ್ರೋಮ್ ಪದರ ಪೂರ್ತಿ ತೆಗೆಯಬೇಕು. ಬ್ಲೀಚ್‌ನಲ್ಲಿ ನೆನೆಸಿ ಅಂತ ಒಬ್ಬರು, ಟಾಯ್ಲೆಟ್ ಕ್ಲೀನರ್ ಹಾಕಿ ಅಂತ ಇನ್ನೊಬ್ಬರು ಹೇಳಿದರು. ಎರಡನ್ನೂ ಸೇರಿಸಿದರೆ ಬೇಗ ಹೋಗುತ್ತದೆಯೇ?
– ಓದುಗರು, ಗೌರಿಬಿದನೂರು

ಉತ್ತರ: ಸೇರಿಸಲೇಬೇಡಿ. ಈ ಪುಟದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್, ನಮ್ಮಲ್ಲಿ ಸಿಗುವ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹುಪಾಲಿನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಸಣ್ಣ ಬಚ್ಚಲು ಮನೆಯಲ್ಲಿ ಅದು ಜೀವ ತೆಗೆಯಬಲ್ಲದು. ಒಂದರ ಡಬ್ಬಿಯಲ್ಲಿ ಇನ್ನೊಂದನ್ನು ಹಾಕುವುದೂ ಬೇಡ.

ಬರೀ ಬ್ಲೀಚ್ ಸಾಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ಲೀಚ್ ದ್ರವ ಹಾಕಿ ಭಾಗಗಳನ್ನು ಮುಳುಗಿಸಿಡಿ, ಬಾಲ್ಕನಿಯಲ್ಲೋ ಹಿತ್ತಲಲ್ಲೋ, ಮಕ್ಕಳ ಕೈಗೆ ಸಿಗದ ಕಡೆ. ಕೈಗೆ ಗ್ಲೌಸ್. ಕೆಲವು ಕಿಟ್‌ಗಳಲ್ಲಿ ನೋಡನೋಡುತ್ತಿದ್ದಂತೆ ಹೊಳಪು ಕರಗುತ್ತದೆ, ಕೆಲವಕ್ಕೆ ರಾತ್ರಿಯಿಡೀ ಬೇಕು. ಹೊಳಪು ಹೋದ ಮೇಲೆ ಕೆಳಗೆ ಗಾಜಿನಂಥ ಹಳದಿ ಛಾಯೆಯ ಪದರ ಉಳಿದಿರುತ್ತದೆ, ಹಲವರು ಅದನ್ನೇ ಪ್ಲಾಸ್ಟಿಕ್ ಅಂದುಕೊಳ್ಳುತ್ತಾರೆ. ಅದು ಕಾರ್ಖಾನೆಯಲ್ಲಿ ಅಲ್ಯೂಮಿನಿಯಂಗೆ ಮೊದಲು ಹೊಡೆದ ಲ್ಯಾಕರ್. ನಯವಾಗಿದ್ದರೆ ಬಿಡಿ, ಅದರ ಮೇಲೇ ಕಪ್ಪು ಹೊಡೆಯಬಹುದು. ಮೂಲೆಗಳಲ್ಲಿ ದಪ್ಪವಾಗಿ ಕೂತು ವಿವರ ಮುಚ್ಚಿದ್ದರೆ ಭಾಗಗಳನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಬೇರೆ ಡಬ್ಬಿಯಲ್ಲಿ ಐಸೊಪ್ರೊಪೈಲ್‌ನಲ್ಲಿ ನೆನೆಸಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ. ಬ್ಲೀಚ್‌ಗೂ ಇದಕ್ಕೂ ಸಂಪರ್ಕ ಬರಬಾರದು. ಅಸಿಟೋನ್ ಅಥವಾ ಎನ್‌ಸಿ ಥಿನ್ನರ್ ಬಳಸಿದರೆ ಲ್ಯಾಕರ್ ಜೊತೆ ಬಂಪರ್ ಕೂಡ ಕರಗುತ್ತದೆ, ಕಿಟ್‌ಗಳ ಪಾಲಿಸ್ಟೈರಿನ್ ಅದನ್ನು ತಡೆಯುವುದಿಲ್ಲ.

ಪದರ ಪೂರ್ತಿ ತೆಗೆಯಬೇಕಾ ಅಂತಲೂ ಯೋಚಿಸಿ. ಗೆರೆ ಎಲ್ಲೂ ಕಾಣದಿದ್ದರೆ, ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನಿಂದ ಕತ್ತರಿಸಿದ ಗಾಯ ಮಾತ್ರ ಇದ್ದರೆ, ಅಲ್ಲಿಗೆ ಕ್ರೋಮ್ ಪೆನ್ನಿನ ಒಂದು ಚುಕ್ಕೆ ಇಟ್ಟು ಬಿಟ್ಟುಬಿಡಿ. ಅಂಟಿಸುವ ಜಾಗದ ಕ್ರೋಮ್ ಮಾತ್ರ ಬ್ಲೇಡಿನಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಅಂಟು ಪ್ಲಾಸ್ಟಿಕ್ ಹಿಡಿಯುವುದಿಲ್ಲ.

ಪ್ರಶ್ನೆ: ಪೆನ್‌ನಲ್ಲಿ ಕ್ರೋಮ್ ಸಕ್ಕತ್ತಾಗಿ ಬಂದಿತ್ತು. ಉಳಿಯಲಿ ಅಂತ ಮೇಲೆ ಗ್ಲಾಸ್ ಕ್ಲಿಯರ್ (ಬಣ್ಣವಿಲ್ಲದ, ಹೊಳೆಯುವ ವಾರ್ನಿಶ್) ಹೊಡೆದೆ. ಕಣ್ಣೆದುರೇ ಬೂದಿಯಾಯಿತು. ಕ್ಲಿಯರ್ ಕೆಟ್ಟದ್ದಾ, ಪೆನ್ ಕೆಟ್ಟದ್ದಾ?
– ಓದುಗರು, ಚಿಂತಾಮಣಿ

ಉತ್ತರ: ಎರಡೂ ಚೆನ್ನಾಗೇ ಇವೆ, ಅವಕ್ಕೆ ಪರಸ್ಪರ ಆಗುವುದಿಲ್ಲ ಅಷ್ಟೇ. ಹೊಳಪು ಬಂದದ್ದು ಚೂರುಗಳು ಚಪ್ಪಟೆಯಾಗಿ ಮಲಗಿದ್ದರಿಂದ. ಕ್ಲಿಯರ್‌ನ ದ್ರಾವಕ ಆ ಪದರವನ್ನು ಮತ್ತೆ ಸಡಿಲ ಮಾಡುತ್ತದೆ, ಚೂರುಗಳು ಎದ್ದು ಅಡ್ಡಾದಿಡ್ಡಿ ತಿರುಗುತ್ತವೆ. ಒಮ್ಮೆ ಹಾಗಾದ ಮೇಲೆ ಅದನ್ನು ಸರಿಮಾಡುವ ಉಪಾಯ ಇಲ್ಲ, ತೆಗೆದು ಮತ್ತೆ ಹಚ್ಚಬೇಕು.

ಶೋಕೇಸಿನಲ್ಲಿ ಇಡುವ ಮಾಡೆಲ್‌ಗೆ ಕ್ಲಿಯರ್ ಯಾಕೆ ಬೇಕು ಹೇಳಿ? ಕ್ರೋಮ್ ಭಾಗಗಳನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ, ಹತ್ತಿಯ ಗ್ಲೌಸ್ ಹಾಕಿ ಹಿಡಿಯಿರಿ, ಮುಗಿಯಿತು. ಮುಟ್ಟಲೇಬೇಕಾದ ಜಾಗವಾದರೆ ನೀರು ಆಧಾರಿತ ಕ್ಲಿಯರ್ ಅನ್ನು ಹನಿ ಕೂಡದಷ್ಟು ತೆಳುವಾಗಿ ಹೊಡೆಯಬಹುದು. ಆಗಲೂ ಹೊಳಪು ಒಂದಿಷ್ಟು ಕುಗ್ಗುತ್ತದೆ. ಚಮಚದ ಮೇಲೆ ನೋಡಿಕೊಂಡೇ ಮುಂದೆ ಹೋಗಿ. ಫಾಯಿಲ್ ಆದರೆ ಈ ತಾಪತ್ರಯ ಇಲ್ಲ, ಕ್ಲಿಯರ್ ತಾಳಿಕೊಳ್ಳುತ್ತದೆ.

ಇನ್ನೊಂದು ಶತ್ರು ಫೆವಿಕ್ವಿಕ್ ಥರದ ಸೂಪರ್ ಗ್ಲೂ. ಅದರ ಆವಿ ಪಕ್ಕದ ಕ್ರೋಮ್ ಮೇಲೆ ಬಿಳಿ ಮಸುಕು ಹಿಡಿಸುತ್ತದೆ. ಮುಗಿದ ಕ್ರೋಮ್ ಅಂಟಿಸಲು ಫೆವಿಕಾಲ್ ಸಾಕು. ಬಂಪರ್ ಏನು ಭಾರ ಹೊರಬೇಕಾಗಿಲ್ಲವಲ್ಲ.

ಪ್ರಶ್ನೆ: 1/12 ಅಳತೆಯ ಬೈಕ್ ಕಟ್ಟಿದ್ದೇನೆ. ಕ್ರೋಮ್ ಚೆನ್ನಾಗಿ ಬಂದಿದೆ, ಆದರೆ ಸೈಲೆನ್ಸರ್ ಶೋರೂಮಿನಿಂದ ಈಗ ತಂದಂತಿದೆ. ಓಡಿದ ಗಾಡಿಯ ಬೆಂಡ್ ಪೈಪ್ ನೀಲಿಗಟ್ಟುತ್ತದಲ್ಲ, ಅದನ್ನು ತರುವುದು ಹೇಗೆ?
– ಓದುಗರು, ನರಸಾಪುರ, ಕೋಲಾರ ಜಿಲ್ಲೆ

ಉತ್ತರ: ಬೈಕ್ ಕಾರ್ಖಾನೆ ಇರುವ ಊರಿನಿಂದ ಬಂದ ಪ್ರಶ್ನೆ, ಚೆನ್ನಾಗಿದೆ. ಬಿಸಿಗೆ ಲೋಹದ ಮೇಲೆ ತೆಳುವಾದ ಆಕ್ಸೈಡ್ ಪದರ ಬೆಳೆಯುತ್ತದೆ, ಅದರ ದಪ್ಪಕ್ಕೆ ತಕ್ಕಂತೆ ಬಣ್ಣ ಕಾಣುತ್ತದೆ. ಕಡಿಮೆ ಬಿಸಿಯಾದಲ್ಲಿ ಒಣಹುಲ್ಲಿನ ಹಳದಿ, ಇನ್ನೂ ಬಿಸಿಯಾದಲ್ಲಿ ಕಂದು, ನೇರಳೆ, ತೀರಾ ಬಿಸಿಯಾದಲ್ಲಿ ನೀಲಿ. ಆದ್ದರಿಂದ ಇಂಜಿನ್ ಬಾಯಿಯ ಹತ್ತಿರ ನೀಲಿ, ದೂರ ಹೋದಂತೆ ಹಳದಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ, ಇಲ್ಲವೇ ಪೈಪ್ ಉದ್ದಕ್ಕೂ ಕಾಮನಬಿಲ್ಲು ಬಳಿಯುತ್ತಾರೆ.

ತಮಿಯಾ ಕಂಪನಿಯ ಪಾರದರ್ಶಕ ಬಣ್ಣಗಳು ಈ ಕೆಲಸಕ್ಕೆ ಸರಿ. ಎಕ್ಸ್-24 ಹಳದಿ, ಎಕ್ಸ್-26 ಕಿತ್ತಳೆ, ಎಕ್ಸ್-23 ನೀಲಿ, ಕಪ್ಪಾಗಿಸಲು ಎಕ್ಸ್-19 ಸ್ಮೋಕ್. ನೀರಾಗಿ ತೆಳು ಮಾಡಿಕೊಂಡು ಮೊದಲು ಹಳದಿಯನ್ನು ಎಲ್ಲಕ್ಕಿಂತ ಉದ್ದವಾಗಿ, ಅದರ ಮೇಲೆ ಕಿತ್ತಳೆಯನ್ನು ಸ್ವಲ್ಪ ಗಿಡ್ಡವಾಗಿ, ನೀಲಿಯನ್ನು ಇಂಜಿನ್ ಕಡೆ ಮಾತ್ರ. ಕಿತ್ತಳೆ ಮತ್ತು ನೀಲಿ ಸೇರುವಲ್ಲಿ ಕಂದು ಛಾಯೆ ತಾನೇ ಬರುತ್ತದೆ. ಕಂಡೂ ಕಾಣದಷ್ಟೇ ಇರಲಿ.

ಕ್ರೋಮ್ ಏರ್‌ಬ್ರಶ್ ಲ್ಯಾಕರ್‌ನದ್ದಾದರೆ ಮಾತ್ರ ಹೀಗೆ ಮಾಡಿ. ಪೆನ್ನಿನದ್ದಾದರೆ ಈ ಬಣ್ಣಗಳಲ್ಲಿನ ಆಲ್ಕೋಹಾಲ್ ಅದನ್ನು ಕರಗಿಸಿ ಬೂದು ಮಾಡುತ್ತದೆ, ಚಿಂತಾಮಣಿಯವರಿಗೆ ಆದದ್ದೇ ನಿಮಗೂ ಆಗುತ್ತದೆ. ಆಗ ಚಿತ್ರಕಲೆಯ ಪೇಸ್ಟಲ್ ಕಡ್ಡಿಯನ್ನು ಪುಡಿ ಮಾಡಿ ಒಣ ಬ್ರಶ್‌ನಿಂದ ಸವರಿ.

ಪ್ರಶ್ನೆ: ನಮ್ಮ ತಂದೆ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ‘ಬಣ್ಣ ಯಾಕೆ ಬಳಿಯುತ್ತೀಯಾ, ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರಿಗೆ ಕೊಡು, ಆಯಸ್ಸಿಡೀ ಹೋಗಲ್ಲ’ ಅನ್ನುತ್ತಾರೆ. ಪ್ಲಾಸ್ಟಿಕ್ ಭಾಗಕ್ಕೆ ನಿಜವಾದ ಕ್ರೋಮ್ ಹಾಕಿಸಬಹುದೇ?
– ಓದುಗರು, ತುಮಕೂರು

ಉತ್ತರ: ನಿಮ್ಮ ತಂದೆಯವರು ಹೇಳುವುದು ಲೋಹದ ಮಟ್ಟಿಗೆ ಸರಿ. ಕಿಟ್ ಪ್ಲಾಸ್ಟಿಕ್‌ಗೆ ಆಗುವುದಿಲ್ಲ. ಎಲೆಕ್ಟ್ರೋಪ್ಲೇಟಿಂಗ್‌ಗೆ ಭಾಗದಲ್ಲಿ ಕರೆಂಟ್ ಹರಿಯಬೇಕು, ಪ್ಲಾಸ್ಟಿಕ್‌ನಲ್ಲಿ ಅದು ಹರಿಯುವುದಿಲ್ಲ. ನಿಜವಾದ ಕಾರುಗಳಲ್ಲಿ ಬರುವ ಕ್ರೋಮ್ ಪ್ಲಾಸ್ಟಿಕ್ ಗ್ರಿಲ್‌ಗಳು ಎಬಿಎಸ್ ಅನ್ನುವ ಪ್ಲಾಸ್ಟಿಕ್‌ನವು. ಅದನ್ನು ಮೊದಲು ಆಸಿಡ್‌ನಲ್ಲಿ ಕೊರೆಸಿ, ಕರೆಂಟ್ ಇಲ್ಲದೆ ರಾಸಾಯನಿಕವಾಗಿಯೇ ನಿಕಲ್ ಅಥವಾ ತಾಮ್ರ ಕೂರಿಸಿ, ಅದರ ಮೇಲೆ ಪ್ಲೇಟಿಂಗ್ ಮಾಡುತ್ತಾರೆ. ಕಿಟ್‌ಗಳ ಪಾಲಿಸ್ಟೈರಿನ್‌ಗೆ ಆ ದಾರಿ ಹೊಂದುವುದಿಲ್ಲ, ನಾಲ್ಕು ಬಂಪರ್ ಇಟ್ಟುಕೊಂಡು ಹೋದರೆ ಅಂಗಡಿಯವರೂ ನಗುತ್ತಾರೆ. ಮೇಲಾಗಿ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತ ತೆಳುವಾದರೂ ಅದರ ಕೆಳಗಿನ ನಿಕಲ್ ಮತ್ತು ತಾಮ್ರ ದಪ್ಪ, ಗ್ರಿಲ್ಲಿನ ಸಣ್ಣ ಸಂದುಗಳು ತುಂಬಿಹೋಗುತ್ತವೆ. ಕಿಟ್‌ನಲ್ಲಿ ಹಿತ್ತಾಳೆ ಭಾಗ ಏನಾದರೂ ಇದ್ದರೆ ಅದಕ್ಕೆ ಖಂಡಿತ ಮಾಡಿಸಬಹುದು. ಮನೆಯಲ್ಲೇ ಪ್ಲೇಟಿಂಗ್ ಮಾಡುತ್ತೇನೆ ಅಂತ ಮಾತ್ರ ಹೊರಡಬೇಡಿ, ಹಳೇ ಕ್ರಮದ ಕ್ರೋಮ್ ದ್ರಾವಣ ಕ್ಯಾನ್ಸರ್ ತರುವಂಥದ್ದು.

ಪ್ರಶ್ನೆ: 1/72 ಮಿಗ್-21, ಬಣ್ಣವಿಲ್ಲದ ಬರಿ ಲೋಹದ್ದು. ಕ್ರೋಮ್ ಹೊಡೆಯಲಾ?
– ಓದುಗರು, ಕೆಜಿಎಫ್

ಉತ್ತರ: ಬೇಡ. ವಿಮಾನದ ಮೈ ಅಲ್ಯೂಮಿನಿಯಂ ಮಿಶ್ರಲೋಹ, ಬಿಸಿಲು ಮಳೆ ಕಂಡದ್ದು, ಹೊಳಪಿದ್ದರೂ ಮುಖ ಕಾಣುವಷ್ಟಲ್ಲ. ಅಲ್ಯೂಮಿನಿಯಂ ಮತ್ತು ಡ್ಯುರಾಲ್ಯುಮಿನ್ ಎರಡು ಛಾಯೆ ತಂದು ತಗಡು ತಗಡಿಗೆ ಸ್ವಲ್ಪ ಬದಲಾಯಿಸಿ ಹೊಡೆಯಿರಿ. ಕ್ರೋಮ್ ಹೊಡೆದರೆ ಜಾತ್ರೆಯಲ್ಲಿ ಮಾರುವ ವಿಮಾನ ಆಗುತ್ತದೆ.

ಪ್ರಶ್ನೆ: ಗ್ರಿಲ್‌ಗೆ ಕ್ರೋಮ್ ಹೊಡೆದ ಮೇಲೆ ವಿವರವೇ ಕಾಣುತ್ತಿಲ್ಲ, ಎಲ್ಲಾ ಒಂದೇ ಹೊಳಪು. ಜೊತೆಗೆ ಸೈಡ್ ಮಿರರ್‌ಗಳಿಗೆ ಏನು ಮಾಡಲಿ?
– ಓದುಗರು, ಶಿಡ್ಲಘಟ್ಟ

ಉತ್ತರ: ನೀರು ಆಧಾರಿತ ಕಪ್ಪು ಅಕ್ರಿಲಿಕ್‌ಗೆ ಜಾಸ್ತಿ ನೀರು, ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ ಸಣ್ಣ ಬ್ರಶ್‌ನಿಂದ ಸಂದುಗಳಿಗೆ ತಾಗಿಸಿ, ತಾನೇ ಹರಿದು ಒಳಗೆ ಕೂರುತ್ತದೆ. ಪಟ್ಟಿಗಳ ಮೇಲೆ ಉಳಿದದ್ದನ್ನು ಒದ್ದೆ ಹತ್ತಿ ಕಡ್ಡಿಯಿಂದ ಹಗುರವಾಗಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಥಿನ್ನರ್ ಬೆರೆಸುವ ಬಣ್ಣ ಇಲ್ಲಿ ಬೇಡ.

ಮಿರರ್‌ಗೆ ಬಣ್ಣವೇ ಬೇಡ. ಖಾಲಿ ಚಿಪ್ಸ್ ಪೊಟ್ಟಣದ ಒಳಮೈ ನೋಡಿ, ಅದೂ ಇದೇ ವ್ಯಾಕ್ಯೂಮ್ ಮೆಟಲೈಸಿಂಗ್‌ನದ್ದು. ಎಣ್ಣೆ ಹೋಗುವಂತೆ ಸೋಪಿನಲ್ಲಿ ತೊಳೆದು, ಸುಕ್ಕಿಲ್ಲದ ಜಾಗ ಆರಿಸಿ, ಡಬಲ್ ಸೈಡ್ ಟೇಪ್ ಮೇಲೆ ಅಂಟಿಸಿ, ಮಿರರ್ ಅಳತೆಗೆ ಕತ್ತರಿಸಿ ಕೂರಿಸಿ. ಖಾರದ ಚಿಪ್ಸ್‌ನದ್ದಾದರೆ ಎರಡು ಸಲ ತೊಳೆಯಿರಿ.